ಮೇಜರ್ ಸರ್ ನಂಬಿದ ಮಾತು

ನನ್ನ ಮಗಳು ಪುಕ್ಕಲಿಯಲ್ಲ. ತಾನು ಪುಕ್ಕಲಿ ಎಂದು ಅವಳು ನಂಬುವಂತೆ ಮಾಡಿದವಳು ನಾನು. ಒಂದು ಸುಳ್ಳು ಹೇಳಿ ಮಾಡಿದೆ. ಆ ಸುಳ್ಳನ್ನು ನಂಬಿದ ಒಳ್ಳೆಯ ಮನುಷ್ಯರೊಬ್ಬರು ಹೋದ ತಿಂಗಳು ತೀರಿಕೊಂಡರು — ನಂಬಿಕೊಂಡೇ ತೀರಿಕೊಂಡರು. ಅವರು ಬದುಕಿರುವಾಗ ಬಾಯಿ ಬಿಡಲಿಲ್ಲ. ಈಗ ಬರೆಯುತ್ತಿದ್ದೇನೆ.

ಅವರ ಹೆಸರು ಮೇಜರ್ ವಿರೂಪಾಕ್ಷ. ಸೈನ್ಯದಿಂದ ನಿವೃತ್ತರಾಗಿ ಕುಮಾರಸ್ವಾಮಿ ಲೇಔಟ್‌ನಲ್ಲಿ ಮನೆ ಕಟ್ಟಿಕೊಂಡಿದ್ದರು. ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಹಗ್ಗ, ಹಲಗೆ, ಹಳೆಯ ಡ್ರಮ್ಮುಗಳನ್ನು ಇಟ್ಟುಕೊಂಡು ಕಾಲೇಜು ಮಕ್ಕಳನ್ನು ಸೈನ್ಯದ ಆಫೀಸರ್ ಆಯ್ಕೆಗೆ ತಯಾರು ಮಾಡುತ್ತಿದ್ದರು. ನನ್ನ ಮಗಳು ಚೈತ್ರ ಆಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ತಿಲಕ್ ನಗರದ ನಮ್ಮ ಮನೆಯಿಂದ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ, ಅಲ್ಲಿಂದ ನೇರವಾಗಿ ಕಾಲೇಜಿಗೆ ಹೋಗುತ್ತಿದ್ದಳು. ಮೊಣಕೈ ತರಚಿಕೊಂಡು ಬಂದ ದಿನ ಅವಳ ಮುಖದಲ್ಲಿ ಇರುತ್ತಿದ್ದ ಬೆಳಕು — ಅದನ್ನು ನೋಡಿಯೇ ನಾನು ಹೆದರಿದ್ದು.

ಲಿಖಿತ ಪರೀಕ್ಷೆ ಪಾಸಾಗುವವರೆಗೂ ನಾನು ಏನೂ ಅನ್ನಲಿಲ್ಲ. ಪಾಸಾಗುವುದಿಲ್ಲ ಎಂದುಕೊಂಡಿದ್ದೆ. ಪಾಸಾದಳು. ಇನ್ನು ಉಳಿದದ್ದು ಆಯ್ಕೆ ಮಂಡಳಿಯ ಸಂದರ್ಶನ, ಮಕ್ಕಳು ಅದನ್ನು ‘ಬೋರ್ಡ್’ ಎನ್ನುತ್ತಿದ್ದರು. ಅಲ್ಲಿ ಕೆಲವು ದಿನ ಉಳಿಸಿಕೊಂಡು ಮಾತಾಡಿಸುತ್ತಾರೆ, ಬರೆಸುತ್ತಾರೆ, ಎತ್ತರದಿಂದ ಜಿಗಿಸುತ್ತಾರೆ. ಅದೂ ಮುಗಿದು ವೈದ್ಯರು ಸರಿ ಎಂದರೆ ಮಗಳು ಹೋದ ಹಾಗೆಯೇ. ನನಗೆ ಅದೊಂದೇ ಕೇಳಿಸುತ್ತಿತ್ತು — ಹೋದ ಹಾಗೆಯೇ.

ಒಂದು ಭಾನುವಾರ ಅವಳೇ ಒತ್ತಾಯ ಮಾಡಿ ಆ ಸೈಟಿಗೆ ನನ್ನನ್ನು ಕರೆದುಕೊಂಡು ಹೋದಳು. ಏಳೆಂಟು ಮಕ್ಕಳು ಒಂದು ಹಲಗೆ, ಒಂದು ಹಗ್ಗ ಇಟ್ಟುಕೊಂಡು ನೆಲ ಮುಟ್ಟದೆ ಆಚೆ ದಾಟಬೇಕು. ಬಿಳಿ ಬಳಿದದ್ದರ ಮೇಲೆ ಕಾಲಿಡಬಹುದು. ಕೆಂಪು ಬಳಿದದ್ದನ್ನು ಯಾರೂ, ಯಾವುದರಿಂದಲೂ ಮುಟ್ಟುವಂತಿಲ್ಲ. ಚೈತ್ರಳ ಹಗ್ಗದ ತುದಿ ಜಾರಿ ಕೆಂಪು ಡ್ರಮ್ಮಿಗೆ ತಾಗಿತು.

“ಲೇ ಚೈತ್ರ, ಕೆಂಪು ಮುಟ್ಬಿಟ್ಟೆ ಕಣೇ! ಎಲ್ರೂ ಸತ್ವಿ!” ಎಂದು ನವೀನ ಎಂಬ ಹುಡುಗ ಕೂಗಿದ.

“ನೀನು ಆಗ್ಲೇ ಸತ್ತಿದ್ದೆ ಗುರು, ನಿನ್ನ ಹೆಣ ಹೊತ್ಕೊಂಡ್ ಬರ್ತಿದ್ದೆ” ಎಂದಳು ಇವಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಜರ್ ಸರ್ ಕೂಡ.

ನನಗೆ ನಗಲು ಆಗಲಿಲ್ಲ. ಅವಳು ಎರಡನೇ ಪಿಯುಸಿಯಲ್ಲಿದ್ದಾಗ ಅವಳ ಅಪ್ಪ ಕೆಲಸಕ್ಕೆಂದು ಹೊರಟವರು ಸಾರಕ್ಕಿ ಸಿಗ್ನಲ್ಲಿನಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡಿದ್ದರು. ಸುದ್ದಿ ಫೋನಿನಲ್ಲಿ ಬಂದಿತ್ತು. ಅಂದಿನಿಂದ ಫೋನ್ ಹೊಡೆದುಕೊಂಡರೆ ಎತ್ತುವ ಮುಂಚೆ ಚೈತ್ರ ಎಲ್ಲಿದ್ದಾಳೆಂದು ನೋಡುತ್ತೇನೆ.

ಅದಾದ ಮೇಲೆ ಎತ್ತರದ ಅಟ್ಟಣೆಯಿಂದ ಜಿಗಿಯುವುದಿತ್ತು. ಚೈತ್ರ ಹತ್ತಿ ಅಂಚಿಗೆ ಬಂದಳು. ಬೇಲಿಯ ಹತ್ತಿರ ನಿಂತಿದ್ದ ನನ್ನ ಮುಖ ನೋಡಿದಳು — ನನ್ನ ಮುಖ ಹೇಗಿತ್ತೋ — ಹಾಗೇ ನಿಂತುಬಿಟ್ಟಳು. ಇಳಿದು ಬಂದಳು. ನೀರು ಕುಡಿದು, ನನಗೆ ಬೆನ್ನು ಹಾಕಿ ಮತ್ತೆ ಹತ್ತಿ ಜಿಗಿದಳು. ಜಿಗಿದಳು ಎಂಬುದನ್ನು ನಾನು ಇಲ್ಲಿ ಬರೆದೇ ತೀರಬೇಕು. ಏಕೆಂದರೆ ಅವಳಿಗೆ ಈಗ ನೆನಪಿರುವುದು ನಿಂತದ್ದು ಮಾತ್ರ.

ಮೇಜರ್ ಸರ್‌ಗೆ ಒಂದು ಪದ್ಧತಿ ಇತ್ತು. ಯಾವ ಮಗುವನ್ನೇ ಆಗಲಿ ಬೋರ್ಡಿಗೆ ಕಳಿಸುವ ಮುಂಚೆ ಆ ಮಗುವಿನ ಮನೆಗೆ ಒಮ್ಮೆ ಬಂದು ಹೋಗುತ್ತಿದ್ದರು. ನಿನ್ನ ಬಗ್ಗೆ ನಿನ್ನ ತಂದೆತಾಯಿ ಏನು ಅಂದುಕೊಂಡಿದ್ದಾರೆ ಬರೆ ಎಂದು ಬೋರ್ಡಿನಲ್ಲಿ ಕೇಳುತ್ತಾರಂತೆ. ಮಕ್ಕಳು ಬಾಯಿಪಾಠ ಮಾಡಿದ್ದನ್ನು ಬರೆಯಬಾರದು, ಮನೆಯವರು ನಿಜವಾಗಿ ಅಂದದ್ದನ್ನೇ ಬರೆಯಬೇಕು ಎಂಬುದು ಅವರ ಹಟ. ಅದಕ್ಕೇ ಬಂದು, ಮಗುವನ್ನು ಹೊರಗೆ ಕಳಿಸಿ, ತಂದೆತಾಯಿಯನ್ನು ಕೇಳುತ್ತಿದ್ದರು.

ನಮ್ಮ ಮನೆಗೆ ಬಂದ ಸಂಜೆ ಚೈತ್ರ ಕಾಫಿ ಕೊಟ್ಟು, “ನನ್ನ ಮರ್ಯಾದೆ ಉಳಿಸಮ್ಮ” ಎಂದು ನಗುತ್ತಾ ಕೊತ್ತಂಬರಿ ಸೊಪ್ಪು ತರಲು ಹೋದಳು. ಅವರು ಲೋಟ ಕೆಳಗಿಟ್ಟರು.

“ಹೇಳಿ ತಾಯಿ. ನಿಮ್ಮ ಮಗಳು ಯಾವುದಕ್ಕೆ ಹೆದರ್ತಾಳೆ?”

ಅವಳು ಯಾವುದಕ್ಕೂ ಹೆದರುತ್ತಿರಲಿಲ್ಲ. ಅದೇ ನಿಜವಾದ ಉತ್ತರ. ಹಿಂದಿನ ದಿನವಷ್ಟೇ ಟಿವಿಯಲ್ಲಿ ಬಾವುಟ ಹೊದಿಸಿದ ಪೆಟ್ಟಿಗೆಯೊಂದನ್ನು ಇಳಿಸುವುದನ್ನು ನೋಡಿದ್ದೆ. ಪೆಟ್ಟಿಗೆಯ ಪಕ್ಕ ಒಬ್ಬ ತಾಯಿ. ಅವಳು ಅಳುತ್ತಿರಲಿಲ್ಲ, ಪೆಟ್ಟಿಗೆಯ ಮೂಲೆಯನ್ನು ಹಿಡಿದುಕೊಂಡಿದ್ದಳು, ಅಷ್ಟೇ — ಬಸ್ಸಿನಲ್ಲಿ ಕಂಬಿ ಹಿಡಿದುಕೊಂಡ ಹಾಗೆ.

“ಸಾರ್, ಒಂದು ವಿಷಯ ಇದೆ” ಎಂದೆ. “ಅವಳಿಗೆ ಚಿಕ್ಕೋಳಿದ್ದಾಗ ಫಿಟ್ಸ್ ಬರ್ತಿತ್ತು.”

ಒಮ್ಮೆ ಬಾಯಿಂದ ಹೊರಟ ಮೇಲೆ ಮಾತು ತಾನಾಗಿ ಬರತೊಡಗಿತು. ಕಣ್ಣು ಮೇಲೆ ಹೋಗುತ್ತಿದ್ದದ್ದು, ಹಲ್ಲು ಕಚ್ಚುತ್ತಿದ್ದದ್ದು, ಬಾಯಲ್ಲಿ ನೊರೆ, ಕೈಯಲ್ಲಿ ಬೀಗದ ಕೈ ಇಡಲು ಅಜ್ಜಿ ಓಡಿ ಬರುತ್ತಿದ್ದದ್ದು. ಒಂದೂ ಕಟ್ಟಿದ್ದಲ್ಲ. ಎಲ್ಲವೂ ನಡೆದದ್ದೇ — ನನ್ನ ತಂಗಿಗೆ. ಹದಿಹರೆಯದಲ್ಲೇ ಹೋದ ನನ್ನ ತಂಗಿಯ ಕಾಯಿಲೆಯನ್ನು ತೆಗೆದು ಮಗಳ ಮೈಮೇಲೆ ಹೊದಿಸಿದೆ. ಕಣ್ಣಲ್ಲಿ ನೀರೂ ಬಂತು. ಅದು ತಂಗಿಗಾಗಿ ಬಂದ ನಿಜವಾದ ನೀರು. ಅದನ್ನೂ ಬಳಸಿಕೊಂಡೆ.

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ಈಗಲೂ ಬರತ್ತಾ?”

“ಹೋದ ವರ್ಷ ಒಂದ್ಸಲ ಬಂತು ಸಾರ್. ನಿದ್ದೇಲಿ. ಅವಳಿಗೆ ಗೊತ್ತಿಲ್ಲ.”

“ಕಾಯಿಲೆ ಇದ್ರೆ ಬೋರ್ಡಿಗೆ ಬರೆದುಕೊಡ್ಬೇಕು ತಾಯಿ. ಮುಚ್ಚಿಟ್ಟು ಕಳಿಸೋಕೆ ನನ್ನ ಕೈಲಾಗಲ್ಲ. ಆ ಎತ್ತರದ ಮೇಲೆ ನಿಂತಾಗ ಬಂದಿದ್ರೆ...” ಅವರ ಮುಖ ಬಿಳಿಚಿಕೊಂಡಿತು. “ಒಳ್ಳೆ ಡಾಕ್ಟ್ರಿಗೆ ತೋರಿಸೋಣ. ನಾನೇ ಬರ್ತೀನಿ.”

“ಬೇಡ ಸಾರ್. ಅವಳಿಗೆ ಗೊತ್ತಾಗೋದೇ ಬೇಡ. ಕುಸಿದು ಹೋಗ್ತಾಳೆ. ಅಪ್ಪ ಬೇರೆ ಇಲ್ಲದ ಮಗು. ಕೈ ಮುಗೀತೀನಿ, ನೀವೇ ಏನಾದ್ರೂ ಹೇಳಿ ಬಿಡಿಸ್ಬಿಡಿ.”

ಅಪ್ಪ ಇಲ್ಲದ ಮಗು — ಆ ಮಾತಿಗೆ ಅವರು ತಲೆ ತಗ್ಗಿಸಿದರು. ಮಕ್ಕಳ ಬಾಯಿಪಾಠದ ಉತ್ತರವನ್ನು ಅರ್ಧ ವಾಕ್ಯದಲ್ಲೇ ಹಿಡಿಯುತ್ತಿದ್ದ ಮನುಷ್ಯ. ತಾಯಿಯ ಮಾತನ್ನೂ ಒರೆಗೆ ಹಚ್ಚಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟರು.

ಮಾರನೆಯ ದಿನ ಅವಳು ತರಬೇತಿಯಿಂದ ಕಾಲೇಜಿಗೆ ಹೋಗದೆ ಮನೆಗೆ ಬಂದಳು. ಬಾಗಿಲ ಬಳಿಯೇ ನಿಂತಳು, ಶೂ ಬಿಚ್ಚಲಿಲ್ಲ.

“ಇದು ನಿನಗಲ್ಲ ಮಗು, ಇಲ್ಲಿಗೇ ಬಿಟ್ಬಿಡು ಅಂದ್ರು. ಯಾಕೆ ಸಾರ್ ಅಂತ ಕೇಳಿದ್ರೆ ಏನೂ ಹೇಳ್ಲಿಲ್ಲಮ್ಮ. ನನ್ ಮುಖಾನೂ ನೋಡ್ಲಿಲ್ಲ.” ಶೂ ದಾರವನ್ನೇ ನೋಡುತ್ತಾ ಹೇಳಿದಳು: “ಆವತ್ತು ಮೇಲೆ ನಿಂತ್ಬಿಟ್ನಲ್ಲ, ಅದಕ್ಕೇ. ನಾನು ಪುಕ್ಕಲಿ ಅಂತ ಅವ್ರಿಗೆ ಗೊತ್ತಾಗಿದೆ.”

ಅಲ್ಲ ಕಣೇ ಎನ್ನಲು ನನಗೆ ಒಂದು ಉಸಿರು ಸಾಕಿತ್ತು.

ಹಟ ಹಿಡಿದು ಅವರಿಲ್ಲದೆಯೇ ಬೋರ್ಡಿಗೆ ಹೋದಳು. ಮೊದಲ ದಿನವೇ ವಾಪಸ್ ಕಳಿಸಿದರು. ಗುಂಪಿನಲ್ಲಿ ಮಾತಾಡಬೇಕಾದಾಗ ಬಾಯಿ ಬರಲಿಲ್ಲವಂತೆ. “ಅವ್ರು ಹೇಳಿದ್ದೇ ಸರಿ” ಎಂದಳು, ಅಷ್ಟೇ. ಅಂದು ಅವಳನ್ನು ಸಮಾಧಾನ ಮಾಡಲೆಂದು ಶಾವಿಗೆ ಪಾಯಸ ಮಾಡಿದೆ. ಗೋಡಂಬಿ ಹುರಿಯುವಾಗ ನನಗೇ ತಿಳಿಯದೆ ಏನೋ ಗುನುಗುತ್ತಿದ್ದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೇಳಿಸಿಕೊಂಡಳೋ ಏನೋ — ಇಂದಿಗೂ ಕೇಳಲು ಧೈರ್ಯವಿಲ್ಲ.

ಮಗಳು ಮನೆಯಲ್ಲಿ ಉಳಿದಳು. ನನ್ನ ಹೆದರಿಕೆ ಹೋಗಲಿಲ್ಲ. ಲಾರಿ, ಗುಂಡು, ಪೆಟ್ಟಿಗೆ ಎಲ್ಲ ಹೋಗಿ, ಅವುಗಳ ಜಾಗಕ್ಕೆ ಮನುಷ್ಯರೊಬ್ಬರು ಬಂದು ಕೂತರು. ಮೇಜರ್ ಸರ್ ತರಕಾರಿಗೆ ನಾನು ಹೋಗುವ ಸಾರಕ್ಕಿ ಮಾರ್ಕೆಟ್ಟಿಗೇ ಬರುತ್ತಿದ್ದರು. ಅಲ್ಲಿ ಸಿಕ್ಕಾಗಲೆಲ್ಲ ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು: “ಮಗು ಹುಷಾರಾ? ಮತ್ತೆ ಬಂದಿತ್ತಾ?” ಇಲ್ಲ ಸಾರ್ ಎನ್ನುತ್ತಿದ್ದೆ. “ಒಳ್ಳೇದಾಯ್ತು. ದೇವ್ರು ದೊಡ್ಡೋನು” ಎನ್ನುತ್ತಿದ್ದರು. ನಿಜವಾಗಿಯೂ ಸಂತೋಷಪಡುತ್ತಿದ್ದರು. ನಾನು ಕೆಲಸ ಮಾಡುವುದು ಜಯನಗರದಲ್ಲಿ, ಸೀರೆಗೆ ಫಾಲ್ಸ್ ಹಚ್ಚುವ ಅಂಗಡಿಯಲ್ಲಿ. ಅಲ್ಲಿಂದ ಮನೆಗೆ ಬರುವಾಗ ಬಿಳಿ ಮೀಸೆಯ ಯಾರನ್ನು ಕಂಡರೂ ರಸ್ತೆ ದಾಟಿಬಿಡುತ್ತಿದ್ದೆ. ಇವರಿಬ್ಬರೂ ಎಲ್ಲಾದರೂ ಎದುರಾದರೆ... ಆ ಯೋಚನೆಯನ್ನು ಮುಗಿಸಲು ಆಗುತ್ತಿರಲಿಲ್ಲ.

ಎದುರಾದರು. ಹಬ್ಬದ ಹಿಂದಿನ ದಿನ, ಅದೇ ಮಾರ್ಕೆಟ್ಟಿನಲ್ಲಿ. ನಾನು ಹೀರೇಕಾಯಿ ಆರಿಸುತ್ತಿದ್ದೆ, ಚೈತ್ರ ಚೀಲ ಹಿಡಿದಿದ್ದಳು.

“ಚೈತ್ರ! ಹೇಗಿದ್ದೀಯಮ್ಮ? ಆರೋಗ್ಯ ಹೇಗಿದೆ?”

“ನನ್ ಆರೋಗ್ಯಕ್ಕೇನಾಗಿದೆ ಸಾರ್?” ಎಂದಳು ಅವಳು ಒರಟಾಗಿ.

ಅವರು ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿದ್ದ ಹೀರೇಕಾಯಿ ಮುರಿಯಿತು. ಅಂಗಡಿಯವಳು, “ಅಕ್ಕ, ಮುರಿದದ್ದನ್ನ ನೀವೇ ತಗೋಬೇಕು” ಎಂದಳು. ನಾನು ತಲೆ ಎತ್ತಲಿಲ್ಲ.

“ಏನಿಲ್ಲಮ್ಮ” ಎಂದರು ಅವರು. “ವಯಸ್ಸಾದೋರು ಎಲ್ರನ್ನೂ ಹಿಂಗೇ ಕೇಳೋದು.”

ಸುಳ್ಳು ಎಂದರೆ ಆಗದಿದ್ದವರು, ನನಗಾಗಿ ಸುಳ್ಳು ಹೇಳಿದರು. ಅವಳು ಚೀಲ ತೆಗೆದುಕೊಂಡು ಮುಂದೆ ಹೋದಳು. ಅವಳ ಬೆನ್ನನ್ನು ನೋಡುತ್ತಾ ಅವರು ನಿಂತೇ ಇದ್ದರು — ಅವಳ ಕೋಪ ತಮ್ಮ ಮೇಲೆ ಇದೆ ಎಂದು ಅವರಿಗೆ ಗೊತ್ತಿತ್ತು. ಅದನ್ನೂ ಹೊತ್ತುಕೊಂಡರು.

ಚೈತ್ರ ಈಗ ಬಿಟಿಎಂ ಲೇಔಟ್‌ನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿದ್ದಾಳೆ. ಟೀಮ್ ನೋಡಿಕೊಳ್ಳುವ ಕೆಲಸ ಕೊಡುತ್ತೇವೆಂದರು, ಬೇಡವೆಂದಳು. ಸ್ಕೂಟರ್ ಕಲಿಯೇ ಎಂದರೆ, “ನನ್ ಕೈಲಾಗಲ್ಲಮ್ಮ, ನನಗೆ ಗೊತ್ತಲ್ಲ” ಎನ್ನುತ್ತಾಳೆ. ಆಫೀಸರ್ ಆಗುವ ವಯಸ್ಸು ದಾಟಿತು. ಆ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ. ಅವರ ಸೈಟಿನಲ್ಲಿ ಕೆಂಪು ಬಳಿದಿಟ್ಟ ಡ್ರಮ್ಮಿನ ಹಾಗೆ ಅದು ನಮ್ಮ ನಡುಮನೆಯಲ್ಲಿ ಇದೆ. ಮುಟ್ಟದೆ ಸುತ್ತು ಹಾಕಿ ಓಡಾಡುತ್ತೇವೆ.

ಹೋದ ತಿಂಗಳು ನವೀನ ಫೋನ್ ಮಾಡಿ ಸರ್ ಹೋದರು ಎಂದ. ಹೃದಯದ ತೊಂದರೆಯಂತೆ. ಚೈತ್ರ, “ಪಾಪ” ಎಂದು ಪಾತ್ರೆ ತೊಳೆಯಲು ಹೋದಳು. ನಾನು — ಹೇಳಿಬಿಡುತ್ತೇನೆ — ಮೊದಲು ನಿರಾಳವಾಗಿ ಉಸಿರು ಬಿಟ್ಟೆ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದು. ಆಮೇಲೆ ಅಳು ಬಂತು. ನಿಲ್ಲಲಿಲ್ಲ.

ಶಿವಗಣಾರಾಧನೆಗೆ ಅವಳು ಬರಲಿಲ್ಲ, ನಾನೊಬ್ಬಳೇ ಹೋದೆ. ಅವರು ತಯಾರು ಮಾಡಿದ ಮಕ್ಕಳು ಎಲ್ಲೆಲ್ಲಿಂದಲೋ ಬಂದಿದ್ದರು. ಈಗ ಕ್ಯಾಪ್ಟನ್ ಆಗಿರುವ ನವೀನ ಎಲೆಗೆ ಅನ್ನ ಬಡಿಸುತ್ತಾ, “ಆಂಟಿ, ಚೈತ್ರ ಬರ್ಲಿಲ್ವಾ? ಯಾಕ್ ಬಿಟ್ಳು ಆಂಟಿ ಅವಳು? ನಮ್ಮೆಲ್ರಿಗಿಂತ ಮೊದ್ಲು ಅವಳೇ ಹೋಗ್ತಾಳೆ ಅಂತ ಬೆಟ್ ಕಟ್ಟಿದ್ವಿ” ಎಂದ.

ಹೊರಡುವಾಗ ಮೇಜರ್ ಸರ್ ಹೆಂಡತಿ ನನ್ನ ಕೈ ಹಿಡಿದುಕೊಂಡರು. “ನಿಮ್ಮ ಮಗಳನ್ನ ತುಂಬಾ ನೆನೆಸ್ಕೋತಿದ್ರು. ಆ ಮಗೂನ ಕಾರಣ ಹೇಳದೆ ಕಳಿಸ್ಬಿಟ್ಟೆ, ನನ್ನ ಶಪಿಸ್ತಿರತ್ತೆ ಅಂತ. ಏನು ಕಾರಣ ಅಂತ ಕೇಳಿದ್ರೆ, ಮಾತು ಕೊಟ್ಟಿದೀನಿ ಕಣೆ ಅಂತ ನನಗೂ ಹೇಳ್ಲಿಲ್ಲ ನೋಡಿ. ನಿಮಗೇನಾದ್ರೂ ಗೊತ್ತಾ?”

ಗೊತ್ತಿಲ್ಲ ಎಂದೆ.

ಅಲ್ಲಿಂದ ಮನೆಗೆ ಹೇಗೆ ಬಂದೆನೋ. ಬಸ್ಸಿನಲ್ಲಿ ಕಂಬಿ ಹಿಡಿದುಕೊಂಡು ನಿಂತಾಗ ಆ ಟಿವಿಯ ತಾಯಿ ನೆನಪಾದಳು. ಅವಳ ಮಗು ತನಗೆ ಬೇಕಾದ್ದನ್ನು ಮಾಡಲು ಹೋಗಿ ಸತ್ತಿತ್ತು. ನನ್ನ ಮಗು ಬದುಕಿದೆ, ತಾನು ಏನಾಗಿದ್ದೆ ಎಂಬುದೇ ಗೊತ್ತಿಲ್ಲದೆ. ಅವಳಿಗೆ ನನ್ನನ್ನು ಹೋಲಿಸಿಕೊಳ್ಳುವ ಹಕ್ಕು ನನಗಿಲ್ಲ. ಆದರೂ ಆ ದಿನ ಹೋಲಿಸಿಕೊಂಡೆ.

ಇವತ್ತು ಭಾನುವಾರ. ಕುಮಾರಸ್ವಾಮಿ ಲೇಔಟ್‌ಗೆ ಹೋಗಿಬರೋಣ ಬಾ ಎಂದಿದ್ದೇನೆ. “ಆ ಮನುಷ್ಯನ ಮನೆಗಾ? ಯಾಕೆ?” ಎಂದಳು. “ಅವರ ಹೆಂಡತಿಗೆ ಒಂದು ಮಾತು ಹೇಳ್ಬೇಕು. ಅದಕ್ಕೆ ಮುಂಚೆ ನಿನಗೆ ಹೇಳ್ಬೇಕು” ಎಂದೆ. ನನ್ನ ಮುಖ ನೋಡಿ ಮತ್ತೇನೂ ಕೇಳಲಿಲ್ಲ. ಒಳಗೆ ತಲೆ ಬಾಚಿಕೊಳ್ಳುತ್ತಿದ್ದಾಳೆ.

ಹೇಳಿದ ಮೇಲೆ ಅವಳು ಈ ಮನೆಯಲ್ಲಿ ಇರುತ್ತಾಳೋ ಇಲ್ಲವೋ ಗೊತ್ತಿಲ್ಲ. ಯಾವ ಖಾಲಿ ಮನೆಗೆ ಹೆದರಿ ಇದೆಲ್ಲ ಮಾಡಿದೆನೋ ಅದೇ ಮನೆಗೆ ಸಂಜೆ ಒಬ್ಬಳೇ ಬರಬೇಕಾಗಬಹುದು. ಆಗಲಿ.

ಯಾಕಮ್ಮ ಹಾಗೆ ಮಾಡಿದೆ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಹೆದರಿದ್ದು ನೀನಲ್ಲ, ನಾನು ಎಂದಷ್ಟೇ ಹೇಳುತ್ತೇನೆ. ಅವಳ ಅಪ್ಪನ ಸಾವನ್ನು ಮೇಜರ್ ಸರ್ ಮುಂದೆ ಆ ಸಂಜೆ ಒಮ್ಮೆ ಬಳಸಿಕೊಂಡೆ. ಇನ್ನೊಮ್ಮೆ ಅವರ ಹೆಸರನ್ನು ಎತ್ತುವುದಿಲ್ಲ.