ಮಾರ್ವಿನ್ ದಾಟದ ಸೇತುವೆ

ಮಾರ್ವಿನ್ ಕೈಪರ್ಸ್‌ನಷ್ಟು ಮಿಶಿಗನ್ ರಾಜ್ಯ ಸುತ್ತಿದವನು ನಮ್ಮ ಜೀಲೆಂಡ್ ಊರಿನಲ್ಲಿ ಇನ್ನೊಬ್ಬನಿಲ್ಲ ಎಂದು ಜನ ಹೇಳುತ್ತಿದ್ದರು. ಈ ಮಾತು ಅರ್ಧ ನಿಜ. ರಜೆ ಬಂತೆಂದರೆ ಉಳಿದವರು ಫ್ಲಾರಿಡಾಕ್ಕೋ ಮತ್ತೆಲ್ಲಿಗೋ ಓಡುವಾಗ ಅವನು ಹೆಂಡತಿ ಆರ್ಡಿತ್‌ಳನ್ನೂ ಇಬ್ಬರು ಮಕ್ಕಳನ್ನೂ ವ್ಯಾನಿಗೆ ತುಂಬಿಕೊಂಡು ಸ್ವಂತ ರಾಜ್ಯ ನೋಡಲು ಹೊರಡುತ್ತಿದ್ದ. ಮರಳುದಿಬ್ಬ ಹತ್ತಿಸಿದ, ದೀಪಸ್ತಂಭ ತೋರಿಸಿದ, ಚೆರ್ರಿ ತೋಟದಲ್ಲಿ ಹೊಟ್ಟೆ ಕೆಡುವಷ್ಟು ಹಣ್ಣು ತಿನ್ನಿಸಿದ, ಫ್ರಾಂಕೆನ್‌ಮೂತ್‌ನಲ್ಲಿ ಕೋಳಿ ಊಟ ಹಾಕಿಸಿದ. ಹುಟ್ಟಿದ ನೆಲವನ್ನೇ ನೋಡದವನು ಪರವೂರಿನ ನೆಲ ನೋಡಿ ಏನು ಕಡಿದು ಗುಡ್ಡೆ ಹಾಕುತ್ತಾನೆ ಎಂದು ಭಾನುವಾರ ಚರ್ಚಿನ ಕಾಫಿ ಹೊತ್ತಿನಲ್ಲಿ ಕೈಗೆ ಸಿಕ್ಕವರ ತಲೆ ತಿನ್ನುತ್ತಿದ್ದ.

ಹೊಟ್ಟೆಪಾಡಿಗೆ ಅವನು ಶಾಲೆಯ ಬಸ್ ಓಡಿಸುತ್ತಿದ್ದ. ಹಿಮ ಬಿದ್ದು ರಸ್ತೆ ಯಾವುದು, ಹೊಲ ಯಾವುದು ತಿಳಿಯದ ದಿನವೂ ಅವನ ಹಳದಿ ಬಸ್ಸು ಬಂದೇ ಬರುತ್ತದೆಂದು ನಂಬಿ ತಾಯಂದಿರು ಮಕ್ಕಳ ಕಾಲಿಗೆ ಬೂಟು ಹಾಕುತ್ತಿದ್ದರು. ಅದರ ಜಂಬ ಅವನಿಗೆ ಸ್ವಲ್ಪ ಜಾಸ್ತಿಯೇ ಇತ್ತು. ತನ್ನ ಗಾಡಿಯ ಸ್ಟೀರಿಂಗನ್ನು ಇನ್ನೊಬ್ಬರ ಕೈಗೆ ಕೊಟ್ಟವನೇ ಅಲ್ಲ. ಆರ್ಡಿತ್‌ಗೂ ಗಾಡಿ ಓಡಿಸಲು ಚೆನ್ನಾಗಿ ಬರುತ್ತಿತ್ತು. ಪಾಪ, ಪಕ್ಕದಲ್ಲಿ ಕೂತು ನಕ್ಷೆ ಬಿಚ್ಚುವುದು, ಮಡಿಸುವುದು, ಇಷ್ಟರಲ್ಲೇ ಅವಳ ಪ್ರವಾಸಗಳೆಲ್ಲ ಕಳೆದವು.

ಇನ್ನು ಉಳಿದರ್ಧದ ವಿಷಯ. ನಮ್ಮ ರಾಜ್ಯ ನೀರಿನಿಂದಾಗಿ ಎರಡು ಹೋಳು. ಕೆಳಗಿನ ಹೋಳು ಥೇಟ್ ಅಂಗೈ. ನಿಮ್ಮೂರು ಎಲ್ಲಿ ಎಂದು ಕೇಳಿದರೆ ಇಲ್ಲಿ ಯಾರೂ ನಕ್ಷೆ ಹುಡುಕುವುದಿಲ್ಲ, ಬಲಗೈ ಎತ್ತಿ ಅಂಗೈ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಮೇಲಿನ ಹೋಳನ್ನೂ ತೋರಿಸಬೇಕಾದರೆ ಎಡಗೈಯನ್ನು ಅದರ ಮೇಲೆ ಅಡ್ಡ ಹಿಡಿಯಬೇಕು. ಎರಡನ್ನೂ ಕೂಡಿಸುವುದು ಮ್ಯಾಕಿನಾ ಸೇತುವೆ, ಸುಮಾರು ಐದು ಮೈಲಿ ಉದ್ದದ್ದು. ಮಾರ್ವಿನ್ ಮಕ್ಕಳಿಗೆ ರಾಜ್ಯ ತೋರಿಸುವಾಗ ಅವನ ಎಡಗೈ ಜೇಬಿನಲ್ಲೇ ಇರುತ್ತಿತ್ತು. ಪ್ರತಿ ಬೇಸಿಗೆಯ ಪ್ರವಾಸವೂ ಸೇತುವೆಯ ಈಚೆ ಬದಿಯ ಊರಿನಲ್ಲಿ ಮುಗಿಯುತ್ತಿತ್ತು. ದಡದ ಹುಲ್ಲಿನ ಮೇಲೆ ಎಲ್ಲರನ್ನೂ ಕೂರಿಸಿ, ಅಂಗಡಿಯಿಂದ ತಂದ ಫಡ್ಜ್ ಮಿಠಾಯಿ ಹಂಚಿ, ಹಿಂದೆ ಸೇತುವೆ ಬರುವಂತೆ ಒಂದು ಫೋಟೋ ಹೊಡೆದು ಗಾಡಿ ತಿರುಗಿಸುತ್ತಿದ್ದ. ಆಚೆ ಏನಿದೆ ಎಂದು ಮಕ್ಕಳು ಕೇಳಿದರೆ, ಮರ ಮತ್ತು ಸೊಳ್ಳೆ, ಎರಡೂ ನಮ್ಮ ಹಿತ್ತಲಲ್ಲೇ ಇವೆ ಎನ್ನುತ್ತಿದ್ದ.

ನಿಜ ಏನೆಂದರೆ ಆ ಸೇತುವೆ ಅಂದರೆ ಅವನಿಗೆ ಜೀವಭಯ. ಮದುವೆಗೆ ಮುಂಚೆ ಒಮ್ಮೆ ಗೆಳೆಯರ ಜೊತೆ ಮೀನು ಹಿಡಿಯಲು ಆಚೆಗೆ ಹೋಗಿದ್ದ. ಸೇತುವೆಯ ಒಳಗಿನ ಸಾಲಿಗೆ ಡಾಂಬರಿಲ್ಲ, ಬರೀ ಉಕ್ಕಿನ ಜಾಲರಿ. ಚಕ್ರ ಹರಿದರೆ ಗುಂಯ್ ಎನ್ನುತ್ತದೆ, ಬಗ್ಗಿದರೆ ಕೆಳಗೆ ನೀರು ಕಾಣುತ್ತದೆ. ಹಿಂದಿನ ಸೀಟಿನಲ್ಲಿದ್ದ ಮಾರ್ವಿನ್ ಬಗ್ಗಿ ನೋಡಿದ. ಅಷ್ಟೇ, ಕೈಕಾಲು ತಣ್ಣಗಾಗಿ ಸೀಟಿನ ಸಂದಿಯಲ್ಲಿ ಮುದುಡಿಕೊಂಡ. ವಾಪಸ್ ಬರುವಾಗ ಗೆಳೆಯರು ಅವನ ತಲೆ ಮೇಲೆ ಕಂಬಳಿ ಹೊದಿಸಿ ತಂದರು, ಜೀಲೆಂಡ್ ಮುಟ್ಟುವ ತನಕ ನಕ್ಕರು. ಸೇತುವೆಗಿಂತ ಆ ನಗು ಅವನಿಗೆ ಹೆಚ್ಚು ಚುಚ್ಚಿತು. ಮನೆಯಲ್ಲಿ ಈ ಸುದ್ದಿ ಎತ್ತಲೇ ಇಲ್ಲ. ನಮ್ಮ ಕಡೆಯ ಗಂಡಸರೇ ಹೀಗೆ, ಪ್ರಾಣ ಬೇಕಾದರೂ ಬಿಟ್ಟಾರು, ಹೆದರಿಕೆ ಎಂಬ ಮಾತನ್ನು ಮಾತ್ರ ಬಾಯಿಂದ ಬಿಡುವುದಿಲ್ಲ.

ಮಕ್ಕಳು ದೊಡ್ಡವರಾಗಿ ತಮ್ಮ ತಮ್ಮ ಸಂಸಾರ ಹೂಡಿದರು. ಮಾರ್ವಿನ್ ಬಸ್ಸಿನ ಕೆಲಸದಿಂದ ನಿವೃತ್ತನಾದ. ಆಮೇಲೆ ಆರ್ಡಿತ್‌ಳ ಕಣ್ಣು ಕೆಟ್ಟಿತು. ಓದುವ ಅಕ್ಷರದ ಮೇಲೆ, ಎದುರು ಕೂತವರ ಮುಖದ ಮೇಲೆ, ಸರಿಯಾಗಿ ನಡುವೆಯೇ ಮಸಿ ಬಳಿದ ಹಾಗೆ ಒಂದು ಕಲೆ. ಅಂಚು ಮಾತ್ರ ಕಾಣುತ್ತಿತ್ತು. ಕಲೆ ಇನ್ನೂ ಅಗಲವಾಗುತ್ತದೆ, ತಡೆಯಲಿಕ್ಕಾಗುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟರು. ಅದಾದ ಒಂದು ಬೆಳಗ್ಗೆ ಅವಳು ಟೋಸ್ಟಿಗೆ ಬೆಣ್ಣೆ ಸವರುತ್ತ, ಅದು ತಟ್ಟೆಯ ಮೇಲೂ ಸವರಿಹೋಗುತ್ತಿರಲು, ಮೆಲ್ಲಗೆ ಬಾಯಿಬಿಟ್ಟಳು.

"ಮಾರ್ವ್, ಈ ಸಲ ಆ ಕಡೆ ಹೋಗೋಣ. ತಾಕ್ವಾಮೆನನ್ ಜಲಪಾತ ನೋಡ್ಬೇಕು ನಂಗೆ. ಅಲ್ಲಿ ನೀರು ಟೀ ಡಿಕಾಕ್ಷನ್ ಬಣ್ಣಕ್ಕಿರುತ್ತಂತೆ. ಇನ್ನೂ ಒಂಚೂರು ಕಾಣೋವಾಗ್ಲೇ ನೋಡ್ಬಿಡ್ತೀನಿ."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಇಂಥಲ್ಲಿಗೆ ಕರೆದುಕೊಂಡು ಹೋಗು ಎಂದು ಕೇಳಿದವಳಲ್ಲ. ಮಾರ್ವಿನ್ ಆಗಲಿ ಅಂದ. ಅಂದವನಿಗೆ ಅಂದಿನಿಂದ ಊಟ ಸೇರಲಿಲ್ಲ.

ಹೊರಟಾಗ ಜೊತೆಗೆ ಬಂದವಳು ಮಗಳ ಮಗಳು ಬ್ರಿನ್, ಹನ್ನೆರಡರ ಹುಡುಗಿ. ಮಗಳಿಗೆ ಆಸ್ಪತ್ರೆಯ ಡ್ಯೂಟಿ, ರಜೆ ಸಿಕ್ಕಿರಲಿಲ್ಲ. ದಾರಿಯಲ್ಲಿ ಮಾರ್ವಿನ್ ಅಭ್ಯಾಸಬಲದಿಂದ ಬಲಗೈ ಎತ್ತಿ ನಾವೀಗ ನಡುಬೆರಳಿನ ತುದಿಗೆ ಹೋಗುತ್ತಿದ್ದೇವೆ ಎಂದು ವಿವರಿಸಿದ. ಇನ್ನೊಂದು ಕೈ ಎಲ್ಲಿ ತಾತ, ಮನೇಲಿ ಬಿಟ್ಟು ಬಂದ್ಯಾ ಎಂದು ಅವಳು ಕಿಚಾಯಿಸಿದಳು. ಅವನು ನಕ್ಕ ಹಾಗೆ ಮಾಡಿದ.

ಸೇತುವೆ ಕಾಣಿಸಿಕೊಂಡಿತು. ಮಾರ್ವಿನ್ ಫಡ್ಜ್ ಅಂಗಡಿಯ ಮುಂದೆ ನಿಲ್ಲಿಸಿದ. ಆಮೇಲೆ ಅರ್ಧಕ್ಕಿಂತ ಹೆಚ್ಚು ತುಂಬಿದ್ದ ಟ್ಯಾಂಕಿಗೆ ಮತ್ತೆ ಪೆಟ್ರೋಲ್ ಹಾಕಿಸಿದ. ಕೊನೆಗೆ ಸೇತುವೆಯ ಬುಡದಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೆ ತಿರುಗಿಸಿ, ಟಯರು ಏನೋ ಸದ್ದು ಮಾಡುತ್ತಿದೆ ಎಂದು ಇಳಿದು ಒಂದೊಂದನ್ನೂ ಒದ್ದು ನೋಡಿದ. ಟಯರುಗಳಿಗೆ ಏನಾಗಿತ್ತು, ಗುಂಡುಕಲ್ಲಿನಂತಿದ್ದವು. ಇವತ್ತು ಗಾಳಿ ಜೋರು, ಇಂಥ ದಿನ ಸೇತುವೆಯನ್ನೇ ಮುಚ್ಚಿಬಿಡುತ್ತಾರೆ, ನಾಳೆ ನೋಡೋಣ ಎಂದು ಕಿಟಕಿಯಲ್ಲಿ ತಲೆಹಾಕಿ ಹೇಳಿದ.

"ತಾತ, ಅಲ್ಲಿ ಬಾವುಟನೇ ಅಲ್ಲಾಡ್ತಿಲ್ವಲ್ಲ," ಎಂದಳು ಬ್ರಿನ್.

ಆರ್ಡಿತ್ ಮೊಮ್ಮಗಳನ್ನು ದಡದ ಬಳಿ ಹೋಗಿ ಫೋಟೋ ತೆಗೆದುಕೊಂಡು ಬಾ ಎಂದು ಕಳಿಸಿದಳು. ಮಾರ್ವಿನ್ ಬಂದು ಸ್ಟೀರಿಂಗ್ ಹಿಡಿದು ಕೂತ. ಕೀ ತಿರುಗಿಸಲಿಲ್ಲ.

"ಇಲ್ಲೊಂದು ಫೋನ್ ಇರುತ್ತೆ," ಆರ್ಡಿತ್ ಹೇಳಿದಳು. "ಕರೆದ್ರೆ ಸೇತುವೆಯವ್ರೇ ಬಂದು ನಮ್ಮ ಗಾಡಿ ಓಡಿಸ್ಕೊಂಡು ಆಚೆ ದಾಟಿಸ್ತಾರೆ. ಹೆದ್ರೋರಿಗೆ ಅಂತ್ಲೇ ಇಟ್ಟಿದ್ದಾರೆ."

"ಅದ್ಯಾರಿಗೆ ಬೇಕು?"

"ನಿಂಗೆ. ಕಂಬಳಿ ಕಥೆ ನಂಗೆ ಮದ್ವೆಯಾದ ವರ್ಷವೇ ಗೊತ್ತಾಯ್ತು ಮಾರ್ವ್. ನಿನ್ನ ಗೆಳೆಯ ಹ್ಯಾಂಕ್‌ನ ಹೆಂಡ್ತಿ ಚರ್ಚಿನ ಅಡುಗೆಮನೇಲಿ ಕಪ್ ತೊಳೀತಾ ಹೇಳಿದ್ಲು."

ಮಾರ್ವಿನ್‌ಗೆ ಮೊದಲು ಬಂದದ್ದು ಸಿಟ್ಟು. ಕಿವಿಯವರೆಗೂ ಕೆಂಪಾದ. ಗೊತ್ತಿದ್ದೂ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತೆಯಾ, ಒಳಗೊಳಗೇ ನನ್ನನ್ನು ನೋಡಿ ನಗುತ್ತಿದ್ದೆಯಾ ಎಂದು ಹಾರಾಡಿದ.

"ಹೇಳಿದ್ರೆ ನೀನು ಮನೆ ಬಿಟ್ಟು ಹೊರಡೋದನ್ನೇ ನಿಲ್ಲಿಸ್ಬಿಡ್ತಿದ್ದೆ," ಎಂದಳು. "ಮಕ್ಕಳಿಗೆ ಅರ್ಧ ಆದ್ರೂ ಸಿಗ್ಲಿ ಅಂತ ಸುಮ್ನಿದ್ದೆ."

ಅವಳ ಮಾತು ಸತ್ಯವಾಗಿತ್ತು. ಹಾಗೇ ಮಾಡುತ್ತಿದ್ದ, ಖಂಡಿತ. ಆ ಎಲ್ಲ ಬೇಸಿಗೆಗಳಲ್ಲೂ ಅವಳಿಗೆ ಕಣ್ಣು ಚೆನ್ನಾಗಿತ್ತು. ಹುಲ್ಲಿನ ಮೇಲೆ ಕೂತು ಫಡ್ಜ್ ತಿನ್ನುತ್ತ ಅವಳು ಉತ್ತರದ ಕಡೆಗೇ ಮುಖ ಮಾಡಿರುತ್ತಿದ್ದದ್ದು ಅವನಿಗೆ ಈಗ ಅರ್ಥವಾಯಿತು. ತನ್ನ ಮಾನ ಉಳಿಸಿಕೊಳ್ಳಲು ಅವಳ ನೋಟವನ್ನು ತಾನು ತಿಂದುಹಾಕಿದ್ದೂ ಅರ್ಥವಾಯಿತು. ಗಾಡಿಯಿಂದಿಳಿದು ಹೋಗಿ ಫೋನ್ ಮಾಡಿದ.

ಬಂದವಳು ನಡುವಯಸ್ಸಿನ ಹೆಂಗಸು, ಮೈಮೇಲೆ ಹೊಳೆಯುವ ಹಸಿರು ಜಾಕೀಟು, ಹೆಸರು ರೋಂಡಾ. ಅಷ್ಟರಲ್ಲಿ ಬ್ರಿನ್ ಕೂಡ ವಾಪಸ್ ಬಂದು ನಿಂತಿದ್ದಳು. ಕಾಲು ಹಿಡಿದುಕೊಂಡಿದೆ, ಬ್ರೇಕ್ ಒತ್ತಲಾಗುತ್ತಿಲ್ಲ ಎಂದು ಶುರುಮಾಡಿದ ಮಾರ್ವಿನ್ ಅರ್ಧಕ್ಕೇ ನಿಂತ. ಹೆಂಡತಿಯ ಕಡೆ ನೋಡಿದ. ಮೊಮ್ಮಗಳ ಕಡೆ ನೋಡಿದ.

"ಕಾಲಿಗೇನೂ ಆಗಿಲ್ಲ," ಎಂದ. "ನಂಗೆ ಭಯ. ನನ್ ಕೈಲಿ ಆಗಲ್ಲ."

"ಕೀ ಕೊಡಿ ಸರ್," ಎಂದಳು ರೋಂಡಾ. "ಬೆಳಗ್ಗೆ ಒಬ್ಬ ಪೊಲೀಸ್‌ನವನನ್ನ ದಾಟಿಸ್ದೆ. ಆರಡಿ ಆಳು, ಬೆವರಿ ಬೆವರಿ ಕಾಲುಚೀಲ ಎಲ್ಲಾ ಒದ್ದೆ."

ಯಾರೂ ನಗಲಿಲ್ಲ. ಆರ್ಡಿತ್ ಹಿಂದಿನ ಸೀಟಿಗೆ ಬಂದಳು, ಬ್ರಿನ್ ಮುಂದಿನ ಸೀಟಿಗೆ ಹೋಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಾಡು ಹಾಕಿಕೊಂಡಳು. ಮಾರ್ವಿನ್ ಬದುಕಿನಲ್ಲಿ ಮೊದಲ ಸಲ ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ, ಆರ್ಡಿತ್‌ಳ ಪಕ್ಕ ಕೂತ.

ಗಾಡಿ ಏರತೊಡಗಿದ ಕೂಡಲೇ ಅವನು ಕಣ್ಣು ಬಿಗಿಯಾಗಿ ಮುಚ್ಚಿ ಹೆಂಡತಿಯ ಕೈ ಹಿಡಿದುಕೊಂಡ. ರೋಂಡಾ ಜಾಲರಿ ಬಿಟ್ಟು ಹೊರಗಿನ ಸಾಲಿನಲ್ಲೇ ನಿಧಾನವಾಗಿ ಓಡಿಸುತ್ತಿದ್ದಳು. ಪಕ್ಕದ ಸಾಲಿನಲ್ಲಿ ಹೋಗುವವರ ಚಕ್ರ ಗುಂಯ್‌ಗುಟ್ಟಿದಾಗಲೆಲ್ಲ ಅವನ ಬೆರಳು ಇನ್ನಷ್ಟು ಬಿಗಿಯಾಗುತ್ತಿತ್ತು. ಸುಮಾರು ನಡುವಿಗೆ ಬಂದಿರಬೇಕು, ಆರ್ಡಿತ್ ಕಿಟಕಿಯತ್ತ ವಾಲಿದಳು.

"ಮಾರ್ವ್, ಅಲ್ಲಿ ನೀರಿನ ಮೇಲೆ ಉದ್ದಕ್ಕೆ ಏನೋ ಇದೆ. ನಂಗೆ ಎರಡು ತುದಿ ಕಾಣ್ತಿದೆ, ನಡುವೆ ಏನೂ ಇಲ್ಲ. ಏನದು?"

ಬ್ರಿನ್‌ನ ಕೇಳು ಎಂದ ಅವನು, ಕಣ್ಣು ಮುಚ್ಚಿಕೊಂಡೇ. ಬ್ರಿನ್‌ಗೆ ಇದ್ಯಾವುದೂ ಕೇಳಿಸುವಂತಿರಲಿಲ್ಲ. ಆರ್ಡಿತ್ ಮತ್ತೆ ಕೇಳಲಿಲ್ಲ. ಕಿಟಕಿಗೆ ಹಣೆ ಒತ್ತಿ, ತಲೆಯನ್ನು ಆಚೀಚೆ ಹೊರಳಿಸಿ, ತನಗೆ ಕಾಣುವ ಅಂಚಿನೊಳಕ್ಕೆ ಅದನ್ನು ಎಳೆದುಕೊಳ್ಳಲು ಒದ್ದಾಡುತ್ತಿದ್ದಳು. ಆ ಒದ್ದಾಟ ಕೈಯಿಂದ ಕೈಗೆ ಅವನಿಗೆ ತಿಳಿಯುತ್ತಿತ್ತು. ಮಾರ್ವಿನ್ ಕಣ್ಣು ಬಿಟ್ಟ.

"ಹಡಗು," ಎಂದ. "ಅದಿರು ಸಾಗಿಸೋ ಹಡಗು. ಮೈಯೆಲ್ಲ ಕೆಂಪು. ಮುಂದಿನ ತುದೀಲಿ ಬಿಳಿ ಮನೆ ಥರ ಇದೆ. ಉದ್ದ ಅಂದ್ರೆ ಉದ್ದ, ನಮ್ಮ ಬೀದಿಯಷ್ಟು."

"ನೀರು ಹೇಗಿದೆ?"

ಅದಕ್ಕೆ ಕೆಳಗೆ ನೋಡಬೇಕು. ಅವನು ನೋಡಿದ. ದಡದ ಹತ್ತಿರ ಹಸಿರು, ನಡುವೆ ನೀಲಿ, ಹಡಗಿನ ಹಿಂದೆ ಹಾಲಿನಂಥ ಗೆರೆ ಎಂದು ಒಂದೊಂದಾಗಿ ಹೇಳಿದ. ದೂರದ ದ್ವೀಪ ಹೇಳಿದ, ದೋಣಿಗಳನ್ನು ಹೇಳಿದ, ತಂತಿಗಳ ಮೇಲೆ ಕೂತ ಹಕ್ಕಿ ಹೇಳಿದ. ನಡುಗುವ ದನಿಯಲ್ಲಿ, ನಿಲ್ಲಿಸದೆ, ರೋಂಡಾ ಗಾಡಿ ನಿಲ್ಲಿಸಿ ಬಂತು ಸರ್ ಎನ್ನುವವರೆಗೂ ಹೇಳುತ್ತಲೇ ಇದ್ದ.

ಆಚೆ ದಡದಲ್ಲಿ ಬೆಂಚಿನ ಮೇಲೆ ಕೂತು ಮೂವರೂ ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪಾಸ್ಟಿ ತಿಂದರು. ಮರುದಿನ ಜಲಪಾತದೆದುರು ಆರ್ಡಿತ್ ಅಂಚುಗಳನ್ನು ತಾನೇ ನೋಡಿಕೊಂಡಳು, ನಡುವಿನದನ್ನು ಮಾರ್ವಿನ್ ಹೇಳಿದ.

ಭಯ ಹೋಯಿತೇ ಎಂದು ನಮ್ಮೂರಲ್ಲಿ ಜನ ಈಗಲೂ ಅವನನ್ನು ಕೇಳುತ್ತಾರೆ. ಎಲ್ಲಿ ಹೋಗುತ್ತದೆ, ಹಾಗೇ ಇದೆ ಎನ್ನುತ್ತಾನೆ, ಮುಚ್ಚಿಡುವುದಿಲ್ಲ. ಆರ್ಡಿತ್‌ಳ ಕಣ್ಣಿನ ಕಲೆ ಈಗ ಅಂಚಿನವರೆಗೂ ಹರಡಿದೆ. ಆದರೂ ಬೇಸಿಗೆ ಬಂದರೆ ಇಬ್ಬರೂ ಹೊರಡುತ್ತಾರೆ. ಸೇತುವೆಯ ಬುಡದಲ್ಲಿ ಅವನು ಫೋನ್ ಮಾಡಿ, ಕೀ ಕೊಟ್ಟು, ಹಿಂದಿನ ಸೀಟಿನಲ್ಲಿ ಅವಳ ಕೈ ಹಿಡಿದು ಕೂರುತ್ತಾನೆ. ಗಾಡಿ ಮೇಲೇರುವಾಗ ಅವನ ಮೈ ಈಗಲೂ ನಡುಗುತ್ತದೆ, ಕಣ್ಣು ಮಾತ್ರ ಮುಚ್ಚುವ ಹಾಗಿಲ್ಲ. ಇಬ್ಬರ ಪಾಲಿನದನ್ನೂ ಅವನೊಬ್ಬನೇ ನೋಡಬೇಕು.