ಒಂದೇ ದಿಕ್ಕಿನ ಗೀರು

ಆನ್‌ಲೈನಿನಲ್ಲಿ ಮಾರಾಟಕ್ಕೆ ಬರುವ ಚೀನಾದ ಹಳೆಯ ಪಿಂಗಾಣಿ ಅಸಲಿಯೋ ನಕಲಿಯೋ ಎಂದು ಫೋಟೊ ನೋಡಿ ಹೇಳುವುದು ನನ್ನ ಕೆಲಸ. ಶಹಾಬಾದಿನ ಶಾಂತಮ್ಮನವರ ಎಲೆಯಾಕಾರದ ತಟ್ಟೆಯನ್ನು ನಾನು ನಕಲಿ ಎಂದು ಬರೆದುಬಿಟ್ಟಿದ್ದೆ. ತಳದ ಗೀರುಗಳೆಲ್ಲ ಒಂದೇ ದಿಕ್ಕಿಗಿದ್ದವು. ಹೊಸದನ್ನು ಹಳೆಯದೆಂದು ತೋರಿಸಲು ಮರಳು ಕಾಗದದಿಂದ ತಿಕ್ಕಿದರೆ ಹಾಗೇ ಆಗುತ್ತದೆ.

ಆಕೆಯ ಫೋನ್ ಬಂತು. “ನಮ್ಮತ್ತಿ ಕಾಲದ ತಾಟಿಗಿ ಖೊಟ್ಟಿ ಅಂತೀರೇನ್ರಿ? ಮಂದಿ ನನಗ ಸುಳ್ಳಿ ಅನ್ಲಿಕತ್ತಾರ. ಬಂದು ಕೈಯಾಗ ಹಿಡದು ನೋಡ್ರಿ.”

ಹೋದೆ. ತಟ್ಟೆ ತೋರಿಸುವ ಮಾತೇ ಇಲ್ಲ. “ಮೊದಲ ಉಣ್ಣಾಕ ಕುಂದ್ರಿ” ಎಂದು ನೆಲದ ಮೇಲೆ ಕೂರಿಸಿ ರೊಟ್ಟಿ ಬಡಿಸಿದರು.

ಪಲ್ಯಕ್ಕೆ ಉಪ್ಪು ಕಡಿಮೆಯಿತ್ತು. ಉಪ್ಪು ಕೇಳಿ ಕೈ ಚಾಚಿದೆ. ಆಕೆ ಕೈ ಹಿಂದಕ್ಕೆಳೆದುಕೊಂಡರು.

“ಉಪ್ಪು ಕೈಯಾಗ ಕೊಟ್ರ ಜಗಳ ಆಗ್ತದರಿ. ಈಗ ಇದ್ದ ಜಗಳಾನೇ ಸಾಕು.”

ಪಕ್ಕದಲ್ಲಿದ್ದ ಉಪ್ಪಿನ ತಟ್ಟೆಯನ್ನು ಎಲೆಯ ತೊಟ್ಟಿನಂತಿದ್ದ ಕಡೆ ಹಿಡಿದು, ಶಹಾಬಾದಿ ಫರಸಿ ಕಲ್ಲಿನ ನೆಲದ ಮೇಲೆ ಸರ್ರನೆ ನನ್ನತ್ತ ತಳ್ಳಿದರು. ಫೋಟೊದಲ್ಲಿ ನೋಡಿದ್ದ ಅದೇ ಎಲೆ, ಅದೇ ತಟ್ಟೆ. ಅತ್ತೆಯೂ ಹೀಗೇ ತಳ್ಳುತ್ತಿದ್ದರಂತೆ, ಅವರ ಅತ್ತೆಯೂ ಹೀಗೇ.

ತಿರುವಿ ನೋಡಬೇಕಾಗಲಿಲ್ಲ. ತೊಟ್ಟಿನಿಂದ ತುದಿಯವರೆಗೆ ಹರಿದಿದ್ದ ಆ ಗೀರುಗಳು ಎಲ್ಲಿಂದ ಬಂದವೆಂದು ನನ್ನ ಕಿವಿಗೇ ಗೊತ್ತಾಯಿತು.

“ತಪ್ಪು ನನ್ನದೇ ಅಮ್ಮಾ. ಇವತ್ತೇ ಅಸಲಿ ಅಂತ ತಿದ್ದಿ ಬರೀತೀನಿ.”

“ಬರೀರಿ, ಮಂದಿ ಓದ್ಲಿ. ಆದ್ರ ತಾಟು ಈಗ ಮಾರಂಗಿಲ್ಲ” ಎಂದು ಇನ್ನೊಂದು ರೊಟ್ಟಿ ಹಾಕಿದರು.

ಪಲ್ಯಕ್ಕೆ ಈಗ ಉಪ್ಪು ಬರೋಬ್ಬರಿಯಾಗಿತ್ತು. ಆದರೂ ಆ ಸದ್ದಿಗಾಗಿ ಇನ್ನೊಮ್ಮೆ ಉಪ್ಪು ಕೇಳಿದೆ.