ಪೆಟ್ಟಿಗೆಯ ಮೇಲೆ ಕುಳಿತ ವಾದಕರು

ಹ್ಯಾಂಬರ್ಗಿನಲ್ಲಿ ಮಗಳು ನನ್ನನ್ನು ಆಫ್ರೋ-ಕ್ಯೂಬನ್ ಜಾಝ್ ಆಲ್ಬಮ್ ಒಂದರ ಬಿಡುಗಡೆಗೆ ಕರೆದೊಯ್ದಳು. ಆಲ್ಬಮ್ಮಿನ ಮುಖ್ಯ ವಾದಕರು ಕ್ಯೂಬಾದ, ಎಂಬತ್ತು ದಾಟಿದ ಹಿರಿಯರೊಬ್ಬರು. ತಾವು ಬಾರಿಸುವ ಮರದ ಪೆಟ್ಟಿಗೆಯ ಮೇಲೆಯೇ ಅವರು ಕುಳಿತದ್ದನ್ನು ಕಂಡು ದಂಗಾದೆ. ವಾದ್ಯಕ್ಕೆ ಅಪ್ಪಿತಪ್ಪಿ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆತನ ನಮ್ಮದು.

ಕಛೇರಿ ಮುಗಿದೊಡನೆ ನೇರವಾಗಿ ಅವರ ಬಳಿ ಹೋಗಿ, "ವಾದ್ಯದ ಮೇಲೆಯೇ ಕೂರುತ್ತೀರಲ್ಲ, ಅದಕ್ಕೆ ಗೌರವ ಬೇಡವೆ?" ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ.

"ಅಮ್ಮಾ, ಸಾಕು, ಬಾ!" ಮಗಳು ತೋಳು ಜಗ್ಗಿದಳು.

ಅವರು ನಕ್ಕರು. "ನಮ್ಮ ಹಿರಿಯರು ಗುಲಾಮರಾಗಿದ್ದರು, ಮೇಡಂ. ಡ್ರಮ್ ಕಂಡರೆ ಯಜಮಾನರು ಕಿತ್ತುಕೊಳ್ಳುತ್ತಿದ್ದರು. ಪೆಟ್ಟಿಗೆಯ ಮೇಲೆ ಕುಳಿತವನನ್ನು ಯಾರು ಅನುಮಾನಿಸುತ್ತಾರೆ?"

ಅಂಥವರನ್ನು ನಾನು ಶಾಲೆಯ ಹುಡುಗನನ್ನು ಗದರಿಸುವಂತೆ ಗದರಿಸಿದ್ದೆ. ಅದೂ ಕಾನ್ವೆಂಟಿನಲ್ಲಿ ಕಲಿತ ನಾನು, ಒಂದು 'ಪ್ಲೀಸ್' ಕೂಡ ಸೇರಿಸದೆ.